ಹೊಳೆಗೆ ಬಿಟ್ಟ ಕೂದಲು

2012ರಲ್ಲಿ ನಾನು ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿದ್ದೆ. ರಬಕವಿಯಿಂದ ಪವರ್‌ಲೂಮ್ ಗಾಯಗಳು ಬರುವುದು ಹೊಸತೇನಲ್ಲ. ಬೆರಳು, ಅಂಗೈ ಹೊಲಿದು ಹೊಲಿದು ರೂಢಿಯಾಗಿತ್ತು. ಆದರೆ ಆ ಮಧ್ಯಾಹ್ನ ಬಂದ ಮಹಾದೇವಿಯ ಗಾಯ ಬೇರೆಯೇ ಆಗಿತ್ತು. ಮಗ್ಗದ ಮೇಲೆ ಬಾಗಿ ಹರಿದ ನೂಲಿನ ಎಳೆ ಕೂಡಿಸುವಾಗ ಜಡೆ ಮೋಟಾರಿನ ಬೆಲ್ಟಿಗೆ ಸಿಕ್ಕಿ, ನೆತ್ತಿಯ ಚರ್ಮ ಕೂದಲ ಸಮೇತ ಕಿತ್ತುಬಂದಿತ್ತು.

ಇದಕ್ಕೆ ಸ್ಕಾಲ್ಪ್ ಅವಲ್ಷನ್ ಎನ್ನುತ್ತೇವೆ. ಕಿತ್ತ ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೀಲವನ್ನು ಐಸ್‌ನಲ್ಲಿಟ್ಟು ಬೇಗ ತಂದರೆ ಮೈಕ್ರೋಸರ್ಜರಿಯಲ್ಲಿ ರಕ್ತನಾಳ ಕೂಡಿಸಿ ಮರಳಿ ಹೊಲಿಯಬಹುದು, ಕೂದಲೂ ಉಳಿಯಬಹುದು. ಅದನ್ನು ಮಾಡುವ ಮಿರಜಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದೆ, ಕೂಡಲೇ ಕಳಿಸಿ ಎಂದರು. ಸೋಡಾ ಅಂಗಡಿಯಿಂದ ಬಕೆಟ್ ತುಂಬ ಐಸ್ ತರಿಸಿದೆ. ಚರ್ಮ ಅವಳ ಮಾವನ ಹತ್ತಿರ ಇದೆ, ಹಿಂದಿನಿಂದ ಬರುತ್ತಿದ್ದಾರೆ ಎಂದರು ಕರೆತಂದವರು.

ಮಾವ ಗುರಪ್ಪ ಬರಿಗೈಯಲ್ಲಿ ಬಂದರು. ಧೋತರದ ಅಂಚು ಒದ್ದೆಯಾಗಿತ್ತು.

“ಹೊಳಿಗೆ ಬಿಟ್ಟ ಬಂದೇನ್ರಿ ಸಾಹೇಬ್ರ. ಮನಿ ಹೆಣಮಗಳ ಮೈ ಅದು. ನಾಯಿ ಪಾಲಾಗಬಾರದಂತ ಅರಿಷಿಣ ಕುಂಕುಮ ಹಚ್ಚಿ ಬಿಟ್ಟೇನ್ರಿ.”

ಸಿಟ್ಟು ಉಕ್ಕಿ ಬಂತು. ಆದರೆ ಬೈಯುವುದು ಯಾರನ್ನು? ಸೊಸೆಯ ಮೇಲಿನ ಅಕ್ಕರೆಯಿಂದಲೇ ಆ ಮನುಷ್ಯ ಮಾಡಬಾರದ್ದನ್ನು ಮಾಡಿ ಬಂದಿದ್ದರು. ಬಕೆಟ್ಟಿನ ಐಸ್ ಅಲ್ಲೇ ಕರಗಿತು.

ತೊಡೆಯ ತೆಳು ಚರ್ಮ ತೆಗೆದು ನೆತ್ತಿಗೆ ಹಾಕಿದೆ. ಗ್ರಾಫ್ಟ್ ಚೆನ್ನಾಗಿಯೇ ಹಿಡಿಯಿತು, ಕೂದಲು ಮಾತ್ರ ಇಲ್ಲ. ಮುಂದಿನ ವರ್ಷ ಮಹಾದೇವಿ ತಲೆ ತುಂಬ ಸೆರಗು ಹೊದ್ದು, ಪಿಆರ್‌ಪಿ ಚಿಕಿತ್ಸೆಯ ಜಾಹೀರಾತು ಹಿಡಿದು ಬಂದಳು. ನಮ್ಮದೇ ರಕ್ತದ ಪ್ಲೇಟ್‌ಲೆಟ್ ಬೇರ್ಪಡಿಸಿ ತಲೆಗೆ ಚುಚ್ಚುವ ವಿಧಾನ ಅದು. ಸೊರಗಿದ ಕೂದಲ ಬೇರು ಅದರಿಂದ ಚೇತರಿಸಿಕೊಳ್ಳಬಹುದು, ಬೇರುಗಳೇ ಇಲ್ಲದ ಕಡೆ ಪ್ರಯೋಜನವಿಲ್ಲ ಎಂದೆ. ಹಾಗಾದರೆ ಅಂದು ಆ ಚರ್ಮ ತಂದಿದ್ದರೆ ಎಂದು ಕೇಳಿದಳು. ಸುಳ್ಳು ಹೇಳಲಾಗದೆ, ಕೂದಲು ಉಳಿಯುವ ಸಾಧ್ಯತೆ ಇತ್ತು ಎಂದೆ.

ಅವಳು ಜಾಹೀರಾತನ್ನು ಮಡಚಿಟ್ಟಳು. “ಇದನ್ನ ನಮ್ಮ ಮಾವಗ ಹೇಳಬ್ಯಾಡ್ರಿ. ಮನಸಿಗೆ ಹಚಗೊಂಡ ಕುಂಡ್ರತಾರ.”

ಮಾತು ಕೊಟ್ಟೆ. ಆದರೆ ಮಗ್ಗದ ಮನೆಗಳಿಗೆ ತಿಳಿಸದೆ ಬಿಟ್ಟರೆ ಇನ್ನೊಬ್ಬಳ ನೆತ್ತಿಯೂ ಹೊಳೆ ಸೇರುತ್ತದೆ. ರಬಕವಿಯಲ್ಲಿ ನೇಕಾರರನ್ನು ಕೂಡಿಸಿ, ಯಾರ ಹೆಸರೂ ಎತ್ತದೆ, ಚೀಲ, ಐಸ್ ತೋರಿಸಿ ವಿವರಿಸಿದೆ. ತಲೆ ಎತ್ತಿದರೆ ಹಿಂದಿನ ಸಾಲಿನಲ್ಲಿ ಗುರಪ್ಪ ಕೂತಿದ್ದರು.

ಎಲ್ಲರೂ ಹೋದ ಮೇಲೆ ಹತ್ತಿರ ಬಂದರು. “ಅಂದ್ರ ಅವತ್ತ ಅದು ಹತ್ತತಿತ್ತೇನ್ರಿ?”

ಖಾತ್ರಿ ಇರಲಿಲ್ಲ ಎಂದೆ. ಅದು ನಿಜವೂ ಹೌದು. ಅವರು ನಾನು ತೋರಿಸಿದ್ದ ಖಾಲಿ ಚೀಲವನ್ನು ಎತ್ತಿ ನೋಡಿ ಮರಳಿ ಇಟ್ಟರು.

“ನಮ್ಮ ಮಾದೇವಿಗೆ ಇದನ್ನ ಹೇಳಬ್ಯಾಡ್ರಿ,” ಎಂದರು.

ಆಗಲಿ ಎಂದೆ. ಹೊಲಿಯಲು ಬಾರದ ಗಾಯದ ಮುಂದೆ ವೈದ್ಯ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಗುತ್ತದೆ ಎಂಬುದನ್ನು ಒಂದೇ ಮನೆಯ ಆ ಇಬ್ಬರು ನನಗೆ ಕಲಿಸಿದರು.