ಬೆರಳಿಗೆ ಕಾಣುವ ಬ್ರೇಕ್ ವ್ಯಾನ್

ನನ್ನ ಗಂಡ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ಈಗ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂದು ಹೆಸರು ಬದಲಾಗಿದೆ. "ನಾನು ಗಾರ್ಡ್ ಆಗೇ ರಿಟೈರ್ ಆದೆ. ಮ್ಯಾನೇಜರ್ ಆಗೋ ಯೋಗ ಇರ್ಲಿಲ್ಲ" ಎಂದು ಬಂದವರ ಮುಂದೆ ಹೇಳಿ ನಗುತ್ತಾರೆ. ಆದರೆ ನಡುವೆ ಒಂದಷ್ಟು ಕಾಲ ಅವರು ನಗುವುದನ್ನೇ ಬಿಟ್ಟಿದ್ದರು.

ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಲೇಸರ್ ಆಯಿತು, ಇಂಜೆಕ್ಷನ್ ಆಯಿತು, ಆಪರೇಷನ್ನೂ ಆಯಿತು. ಕೊನೆಗೆ ಉಳಿದದ್ದು ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳುವಷ್ಟು ದೃಷ್ಟಿ ಮಾತ್ರ. ಡಾಕ್ಟರು ಬಹಳ ಒಳ್ಳೆಯವರು. ಇನ್ನು ಮಾಡುವುದೇನೂ ಇಲ್ಲ ಎಂಬುದನ್ನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಅವರ ಕೈ ಹಿಡಿದುಕೊಂಡು ಹೇಳಿದರು.

ಬಾಗಲಗುಂಟೆಯಲ್ಲಿ ನಮ್ಮದು ಚಿಕ್ಕ ಮನೆ. ಮೇಲೆ ಒಂದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ನಾನೂ ಪೀಣ್ಯದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಸೋಲ್ಡರಿಂಗ್ ಮಾಡುತ್ತಿದ್ದು ನಿವೃತ್ತಳಾದವಳು. ಹಗಲೆಲ್ಲ ಇಬ್ಬರೂ ಮನೆಯಲ್ಲೇ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ಕೂತಂತೆಯೇ. ರೇಡಿಯೊ ಹಾಕಿದರೆ ಆರಿಸು ಎನ್ನುವರು. ಏನು ಕೇಳಿದರೂ ಹೂಂ ಅಥವಾ ಊಹೂಂ. ಊಟಕ್ಕೆ ಕೂತಾಗ ತಟ್ಟೆಯ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿ, ಪಲ್ಯ ಎಲ್ಲಿ, ಅನ್ನ ಎಲ್ಲಿ ಎಂದು ಹುಡುಕುವುದನ್ನು ನೋಡಲಾರದೆ ನಾನು ಅಡುಗೆಮನೆಗೆ ಎದ್ದುಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮಾತಿಲ್ಲದೆ ಕೂತು ಕೂತು ಸಾಕಾಗಿ, ಬಾಯಿಗೆ ಬಂದದ್ದನ್ನು ಕೇಳಿದೆ.

"ಅಲ್ಲಾ ರೀ, ಬ್ರೇಕ್ ವ್ಯಾನ್ ಒಳಗೆ ಹೇಗಿರುತ್ತೆ? ಇಷ್ಟು ವರ್ಷ ನೀವು ಅದ್ರಲ್ಲೇ ಓಡಾಡಿದ್ರಿ, ನಾನು ಒಂದ್ಸಲನೂ ನೋಡ್ಲಿಲ್ಲ."

"ಏನಿರುತ್ತೆ ಅದ್ರಲ್ಲಿ. ಒಂದು ಡಬ್ಬ."

ಅಷ್ಟೇ ಎಂದುಕೊಂಡೆ. ಆದರೆ ಅವರೇ ಮುಂದುವರಿಸಿದರು. "ರೈಲಿನ ಬಾಲದಲ್ಲಿರುತ್ತೆ. ನಾಲ್ಕೇ ಚಕ್ರ. ಮಧ್ಯ ಒಂದು ರೂಮು, ಎರಡು ಕಡೆನೂ ವರಾಂಡ. ವರಾಂಡಕ್ಕೆ ಕಂಬಿ..." ಹೇಳುತ್ತಾ ಕೈಗಳು ಮಡಿಲಿನಿಂದ ಎದ್ದವು. ಗಾಳಿಯಲ್ಲೇ ಗೋಡೆ ಎಳೆದರು, ಬಾಗಿಲು ತೆಗೆದರು, ಮೆಟ್ಟಿಲು ಇಳಿಸಿದರು. ಆ ಕೈಗಳು ಅಷ್ಟು ಚುರುಕಾಗಿ ಆಡಿದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು.

ಮಾರನೆಯ ದಿನ ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಅವರು ಹೇಳಿದಂತೆ ಒಂದು ಆಕಾರ ಮಾಡಿ ಅವರ ಮಡಿಲಲ್ಲಿಟ್ಟೆ. ಮೇಲಿಂದ ಕೆಳಗೆ ಸವರಿದರು. ಬಾಗಿಲಿನ ಜಾಗದಲ್ಲಿ ಬೆರಳು ನಿಂತಿತು.

"ಇದು ಬ್ರೇಕ್ ವ್ಯಾನ್ ಅಲ್ಲ ಕಣೆ. ಮದುವೆ ಮನೆಯಲ್ಲಿ ಬೂಂದಿ ಲಾಡು ತುಂಬಿಕೊಡ್ತಾರಲ್ಲ, ಆ ಡಬ್ಬ" ಎಂದು ನಕ್ಕರು.

ಆ ನಗು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅದು ಅವರಿಗೆ ಗೊತ್ತಾಗದಂತೆ, "ಹಾಗಾದ್ರೆ ಸರಿಯಾಗಿ ಹೇಳ್ಕೊಡಿ" ಎಂದೆ.

ಹೀಗೆ ಶುರುವಾಯಿತು ನಮ್ಮ ಕಾರ್ಖಾನೆ. ಒಂದಡಿಗೆ ಅರ್ಧ ಇಂಚು ಎಂದು ಲೆಕ್ಕ ಇಟ್ಟುಕೊಂಡೆವು. ಇನ್ನೂ ಚಿಕ್ಕದು ಮಾಡಿದರೆ ಬೆರಳಿಗೆ ಏನೂ ಸಿಗುವುದಿಲ್ಲ ಎಂದು ಅವರೇ ತೀರ್ಮಾನಿಸಿದರು. ತುಮಕೂರು ರಸ್ತೆಯಲ್ಲಿ ಬೋರ್ಡು ಬರೆಯುವ ಅಂಗಡಿಯವರು ಕತ್ತರಿಸಿ ಉಳಿದ ಪ್ಲಾಸ್ಟಿಕ್ ಹಾಳೆಯ ಚೂರುಗಳನ್ನು ಒಂದು ಚೀಲದ ತುಂಬ ಕೊಟ್ಟರು. ಗೋಡೆಗಳಿಗೆ ಅದಾಯಿತು. ಕಂಬಿಗಳಿಗೆ ಹಿತ್ತಾಳೆ ತಂತಿ. ತಂತಿಗೆ ತಂತಿ ಬೆಸೆಯುವುದು ನನಗೆ ಗೊತ್ತಿದ್ದ ಕೆಲಸ. ಬಹಳ ದಿನಗಳ ಮೇಲೆ ಸೋಲ್ಡರಿಂಗ್ ಕಡ್ಡಿ ಕಾಯಿಸಿದಾಗ ಎದ್ದ ಆ ವಾಸನೆಗೆ ನನ್ನ ಕೈಯೂ ಹುರುಪಾಯಿತು.

ತೊಂದರೆ ಬಂದದ್ದು ರಿವೆಟ್ಟುಗಳಲ್ಲಿ. ಹಳೆಯ ವ್ಯಾನುಗಳ ಗೋಡೆಯ ತುಂಬ, ತಗಡು ಜೋಡಿಸುವ ಗುಂಡುತಲೆಯ ರಿವೆಟ್ಟುಗಳ ಸಾಲು ಇರುತ್ತದಂತೆ. ಹತ್ತುವಾಗ ಇಳಿಯುವಾಗ ಅಂಗೈಗೆ ತಾಗುವುದೇ ಅದು, ಅದಿಲ್ಲದಿದ್ದರೆ ಆಗದು ಎಂದರು. ಗುಂಡುಪಿನ್ನಿನ ತಲೆ ಅಂಟಿಸಿ ನೋಡಿದೆ, ಉದುರಿಹೋಯಿತು. ಸಾಸಿವೆ ಅಂಟಿಸಿದೆ, "ಒಗ್ಗರಣೆ ಹಾಕಿದೀಯಾ?" ಎಂದು ಕೇಳಿದರು. ಕೊನೆಗೆ ದಾರಿ ಸಿಕ್ಕಿದ್ದು ಅವರ ಇನ್ಸುಲಿನ್ ಸಿರಿಂಜಿನಿಂದ. ಬಳಸಿದ ಸಿರಿಂಜನ್ನು ತೊಳೆದು, ಸೂಜಿಯ ತುದಿ ಮೊಂಡು ಮಾಡಿ, ಅದಕ್ಕೆ ಬಿಳಿ ಅಂಟು ತುಂಬಿ, ಅಳತೆಯ ಗೆರೆಯ ಮೇಲೆ ಹನಿ ಹನಿಯಾಗಿ ಇಟ್ಟುಕೊಂಡು ಹೋದೆ. ಒಣಗಿದ ಮೇಲೆ ಒಂದೊಂದು ಹನಿಯೂ ಗಟ್ಟಿ ಗುಬುಟು. ಅವರು ಅದರ ಮೇಲೆ ಹೆಬ್ಬೆರಳು ಎಳೆದು, ಇನ್ನೊಂದು ಸಲ ಎಳೆದರು.

ಚಕ್ರಗಳನ್ನು ಮಾಡಿಕೊಟ್ಟವರು ಮೇಲಿನ ಕೋಣೆಯ ಬಾಡಿಗೆದಾರರು. ಗದಗದ ಕಡೆಯವರು, ಪೀಣ್ಯದ ಒಂದು ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ಕೆಲಸ. ಹೆಂಡತಿ ಮಕ್ಕಳು ಊರಿನಲ್ಲಿದ್ದರು. ನೀರಿನ ಮೋಟರ್ ಹಾಕಲು ಕೆಳಗಿಳಿದು ಬಂದವರು, ನಾನು ಬಾಟಲಿ ಮುಚ್ಚಳಗಳನ್ನು ಚಕ್ರ ಮಾಡಲು ಒದ್ದಾಡುತ್ತಿದ್ದುದನ್ನು ನಿಂತು ನೋಡಿದರು.

"ಅಕ್ಕಾರ, ಮುಚ್ಚಳಾ ಗಾಲಿ ಹೆಂಗಾಗ್ತಾವ್ರಿ? ನಾ ತಿರುವಿ ಕೊಡ್ತೀನಿ ಬಿಡ್ರಿ."

"ನಿಮ್ಮ ಮಾಲೀಕರು ಏನೂ ಅನ್ನಲ್ವಾ?"

"ಅವ್ರನ್ನ ಕೇಳೇ ಮಾಡ್ತೀನ್ರಿ. ತುಂಡು ಅಲ್ಯುಮಿನಿಯಂ ಬಿದ್ದಿರ್ತೈತಿ."

ಮಾಲೀಕರು ಒಪ್ಪಿದ್ದಲ್ಲದೆ, ಹಳಿಯಿಂದ ಜಾರದಂತೆ ತಡೆಯುವ ಅಂಚು ಚಕ್ರದ ಒಳಬದಿಗೆ ಬರಬೇಕೋ ಹೊರಬದಿಗೋ ಎಂದು ಫೋನಿನಲ್ಲಿ ನನ್ನ ಗಂಡನನ್ನೇ ಕೇಳಿದರು. ಮನೆಯ ಫೋನಿಗೆ ಅವರನ್ನೇ ಕೇಳಿಕೊಂಡು ಒಂದು ಕರೆ ಬಂದದ್ದು, ಅವರು ಬೆನ್ನು ನೆಟ್ಟಗೆ ಮಾಡಿಕೊಂಡು "ಒಳಬದಿಗೆ ಸಾರ್, ಯಾವಾಗ್ಲೂ ಒಳಬದಿಗೆ" ಎಂದು ಉತ್ತರಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಲ್ಲ ಮುಗಿಯಿತು ಎನ್ನುವಾಗ ನಾನೊಂದು ಎಡವಟ್ಟು ಮಾಡಿದೆ. ಬಣ್ಣ ಬೇಡ ಎಂದಿದ್ದರು, ನನಗೇನು ಕಾಣುತ್ತೆ ಎಂದು. "ನೋಡೋರಿಗೆ ಬೇಡ್ವಾ?" ಎಂದು ನಾನು ಇಟ್ಟಿಗೆಗೆಂಪು ಬಣ್ಣವನ್ನು ಎರಡು ಸಲ ದಪ್ಪಗೆ ಬಳಿದೆ. ನೋಡಲು ಬಹಳ ಚೆನ್ನಾಗಿತ್ತು. ಅವರು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಯಾಕ್ರೀ?"

"ರಿವೆಟ್ ಎಲ್ಲ ಮುಚ್ಚಿಹೋಯ್ತಲ್ಲ."

ಬಣ್ಣ ತೆಗೆಯಲು ಹೋದರೆ ಹನಿಗಳೂ ಕಿತ್ತು ಬಂದವು. ಎರಡು ಗೋಡೆಗಳನ್ನು ಮೊದಲಿನಿಂದ ಮಾಡಿದೆ. ಬೇಸರವಾಯಿತು ಎಂದರೆ ಸುಳ್ಳಾಗುತ್ತದೆ. ಅವರು ಪಕ್ಕದಲ್ಲೇ ಕೂತು, ಒಣಗಿದ ಸಾಲುಗಳನ್ನು ಪರೀಕ್ಷೆ ಮಾಡುತ್ತಾ, ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳನ್ನು ಹೇಳಿದರು. ಅರಸೀಕೆರೆಯ ಆಚೆ ಎಲ್ಲೋ ಗಾಡಿಯನ್ನು ಪಕ್ಕದ ಹಳಿಗೆ ಹಾಕಿ ಬೇಸಿಗೆಯ ಹಗಲಿಡೀ ನಿಲ್ಲಿಸಿದ್ದರಂತೆ. ಕುಡಿಯುವ ನೀರು ಮುಗಿದಿತ್ತು. ವರಾಂಡದ ಕಂಬಿ ಮುಟ್ಟಿದರೆ ಸುಡುತ್ತಿತ್ತು. ಹೊಲದಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಹೆಂಗಸು ತನ್ನ ಬುತ್ತಿಯ ಜೊತೆ ತಂದಿದ್ದ ಮಜ್ಜಿಗೆಯನ್ನು ಕಂಬಿಯ ಸಂದಿನಿಂದ ಕೊಟ್ಟು, "ಕುಡೀರಣ್ಣ, ನಮ್ದು ಅಲ್ಲೇ ಮನೆ, ನಾನು ಓಗಿ ಕುಡೀತೀನಿ" ಎಂದಳಂತೆ. "ಅವಳ ಮುಖ ಮರೆತುಹೋಗಿದೆ. ಕಂಚಿನ ಚೊಂಬು ಮಾತ್ರ ಎಷ್ಟು ತಣ್ಣಗಿತ್ತು ಗೊತ್ತಾ" ಎಂದರು.

ಇನ್ನೊಂದು ದಿನ ವ್ಯಾನಿನ ರೂಮಿನ ಒಳಗೆ, ಕಿಟಕಿಯ ಪಕ್ಕ, ಒಂದು ಕೊಕ್ಕೆ ಬೇಕೆಂದರು.

"ಯಾತಕ್ಕೆ?"

"ನಿನ್ನ ಕ್ಯಾರಿಯರ್ ತಗಲಿಹಾಕ್ತಿದ್ದಿದ್ದು ಅಲ್ಲೇ. ಕೆಳಗಿಟ್ರೆ ಕುಲುಕಾಟಕ್ಕೆ ಸಾರೆಲ್ಲ ಚೆಲ್ಲೋದು."

ಅಷ್ಟು ವರ್ಷ ನಾನು ಕಟ್ಟಿಕೊಟ್ಟ ಊಟ ಎಲ್ಲಿ ತೂಗಾಡುತ್ತಿತ್ತು ಎಂಬುದು ನನಗೆ ಆ ದಿನ ಗೊತ್ತಾಯಿತು. ತಂತಿ ಬಗ್ಗಿಸಿ ಕೊಕ್ಕೆ ಮಾಡಿದೆ. ಕೇಳದಿದ್ದರೂ, ಮೂರು ಡಬ್ಬದ ಪುಟ್ಟ ಕ್ಯಾರಿಯರನ್ನೂ ಮಾಡಿ ತಗಲಿಹಾಕಿದೆ. ಅವರು ಕಿರುಬೆರಳು ಒಳಗೆ ತೂರಿಸಿ ಅದನ್ನು ಮೆಲ್ಲಗೆ ತೂಗಿದರು.

ಬ್ರೇಕ್ ವ್ಯಾನಿನ ನಂತರ ಕಲ್ಲಿದ್ದಲು ತುಂಬುವ ತೆರೆದ ವ್ಯಾಗನ್, ಮುಚ್ಚಿದ ವ್ಯಾಗನ್, ಎಣ್ಣೆಯ ಟ್ಯಾಂಕರ್ ಆದವು. ಟ್ಯಾಂಕರಿಗೆ ಪೈಪಿನ ತುಂಡು ತಂದುಕೊಟ್ಟವರೂ ಗದಗದವರೇ. ಪೇಟೆಯ ಅಂಗಡಿಯೊಂದಕ್ಕೆ ಸಾಮಾನು ತರಲು ಹೋದಾಗ ಅಲ್ಲಿಯವರು, ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ರೈಲು ಮಾದರಿ ಮಾಡುವವರು ಭಾನುವಾರ ಪ್ರದರ್ಶನ ಇಡುತ್ತಿದ್ದಾರೆ ಎಂದು ಹೇಳಿ ನಂಬರು ಕೊಟ್ಟರು. ಫೋನು ಮಾಡಿದೆ. "ತಗೊಂಡ್ ಬನ್ನಿ ಮೇಡಂ, ಟೇಬಲ್ ಹಾಕಿಸ್ತೀನಿ" ಎಂದರು ಆ ಕಡೆಯವರು.

ಗಾಡಿಗಳನ್ನು ಹಳೆಯ ಸೀರೆಗಳಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಲು ಹೋದೆವು. ತಪಾಸಣೆ ಮಾಡುವ ಹೆಂಗಸು ಪರದೆ ನೋಡಿ ಪೆಟ್ಟಿಗೆ ನಿಲ್ಲಿಸಿದಳು.

"ಏನಮ್ಮ ಇದು, ಚಕ್ರ ಚಕ್ರ ಕಾಣ್ತಿದೆ?"

"ರೈಲು."

"ರೈಲೊಳಗೆ ರೈಲು ತಗೊಂಡ್ ಹೋಗ್ತಿದೀರಾ?" ಎಂದು ನಕ್ಕು, ಸೀರೆ ಬಿಚ್ಚಿ ನೋಡಿ, ತಾನೇ ಜೋಪಾನವಾಗಿ ಸುತ್ತಿಕೊಟ್ಟಳು. ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ವೈಟ್‌ಫೀಲ್ಡ್ ಮುಟ್ಟುವವರೆಗೂ ನನ್ನ ಗಂಡ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆ ಹಾಲಿನಲ್ಲಿದ್ದ ರೈಲುಗಳನ್ನು ನೋಡಿ ನಾನು ದಂಗಾದೆ. ಎಲ್ಲ ಅಂಗೈಯಷ್ಟು ಚಿಕ್ಕವು, ಹೊಳೆಯುವವು, ಸ್ವಿಚ್ ಒತ್ತಿದರೆ ಓಡುವವು. ಎಲ್ಲ ಮೇಜುಗಳ ಮೇಲೂ ಮುಟ್ಟಬೇಡಿ ಎಂಬ ಚೀಟಿ. ನಮ್ಮವು ಯಾರ ಹಳಿಯ ಮೇಲೂ ಕೂರದಷ್ಟು ದೊಡ್ಡವು. ಮೂಲೆಯ ಮೇಜಿನಲ್ಲಿ ಅವನ್ನು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಟಿಕ್ ಎಂದು ಸದ್ದಾಯಿತು. ನನ್ನ ಗಂಡ ಪಕ್ಕದ ಮೇಜೂ ನಮ್ಮದೇ ಎಂದುಕೊಂಡು ಅಲ್ಲಿದ್ದ ಬೋಗಿಯನ್ನು ಸವರಿದ್ದರು. ಬಾಗಿಲ ಪಕ್ಕದ ಕೂದಲೆಳೆಯಂಥ ಹಿಡಿ ಮುರಿದು ಅವರ ಬೆರಳಿಗೇ ಅಂಟಿಕೊಂಡಿತ್ತು.

ಬೋಗಿಯ ಒಡೆಯರು ಓಡಿಬಂದರು. ಐಟಿ ಕಂಪನಿಯಲ್ಲಿ ಕೆಲಸ, ನಲವತ್ತರ ಆಸುಪಾಸು. "ಸಾರ್, ಬೋರ್ಡ್ ನೋಡ್ಲಿಲ್ವಾ..." ಎಂದವರು ಅರ್ಧದಲ್ಲೇ ನಿಲ್ಲಿಸಿದರು. ನನ್ನ ಗಂಡ ಮುರಿದ ತುಂಡನ್ನು ಅವರ ದನಿ ಬಂದ ಕಡೆಗೆ ಚಾಚಿ, "ತಪ್ಪಾಯ್ತು ಸಾರ್. ನನಗೆ ಕಣ್ಣು ಕಾಣಲ್ಲ" ಎಂದರು. ನಾನು ಭೂಮಿಗಿಳಿದುಹೋದೆ. ಮನೆಯಿಂದ ಹೊರಗೆ ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ, ಇವರು ಮತ್ತೆ ಆ ಕುರ್ಚಿಗೆ ಹೋಗಿ ಕೂತುಬಿಟ್ಟರೆ ಏನು ಗತಿ ಎನಿಸಿತು.

ಆ ಮನುಷ್ಯ ಸ್ವಲ್ಪ ಹೊತ್ತು ನಮ್ಮ ಬ್ರೇಕ್ ವ್ಯಾನನ್ನು ನೋಡಿದರು. ಆಮೇಲೆ ತಮ್ಮ ಬೋಗಿಯನ್ನು ಹಳಿಯಿಂದ ಎತ್ತಿ ನನ್ನ ಗಂಡನ ಎರಡೂ ಕೈಗಳ ನಡುವೆ ಇಟ್ಟರು.

"ಪೂರ್ತಿ ನೋಡಿ ಸಾರ್. ಇನ್ನೊಂದು ಕಡೆ ಹಿಡಿ ಇನ್ನೂ ಇದೆ, ಅದು ಮುರಿದ್ರೂ ಪರ್ವಾಗಿಲ್ಲ."

ಅವರು ನೋಡಿದರು, ಮೊಟ್ಟೆ ಹಿಡಿದಂತೆ ಹಿಡಿದು. "ಛಾವಣಿ ಮೇಲೆ ಗಾಳಿಗಿಂಡಿ ಕೂಡ ಮಾಡಿದೀರಲ್ಲ, ಸಕ್ಕತ್ತಾಗಿದೆ" ಎಂದರು. ಒಡೆಯರ ಮುಖ ಅರಳಿತು. ಯಾರ ಬಳಿಯೋ ಸೋಲ್ಡರಿಂಗ್ ಕಡ್ಡಿ ಇತ್ತು. ಬೋಗಿಯೂ ಹಿಡಿಯೂ ಹಿತ್ತಾಳೆಯವೇ ಆಗಿದ್ದರಿಂದ ನಾನೇ ಅಲ್ಲೇ ಕೂತು ಬೆಸೆದು ಕೊಟ್ಟೆ. ಊಟದ ಹೊತ್ತಿಗೆ ಬೋಗಿಯ ಒಡೆಯರು ನಮ್ಮ ಮೇಜಿಗೆ ಒಂದು ಚೀಟಿ ಅಂಟಿಸಿದ್ದರು: ದಯವಿಟ್ಟು ಮುಟ್ಟಿ ನೋಡಿ. ಸಂಜೆಯವರೆಗೂ ಆ ಮೂಲೆಯಲ್ಲೇ ಜನ. ನನ್ನ ಗಂಡ ನಿಂತುಕೊಂಡೇ ವಿವರಿಸಿ ವಿವರಿಸಿ ಗಂಟಲು ಕೂರಿಸಿಕೊಂಡರು.

ಅಂದಿನಿಂದ ಅವರು ಕಿಟಕಿಯ ಬಳಿ ಸುಮ್ಮನೆ ಕೂತದ್ದಿಲ್ಲ. ಬೆಳಿಗ್ಗೆ ಗದಗದವರ ಹೆಗಲ ಮೇಲೆ ಕೈಯಿಟ್ಟು ಟೀ ಅಂಗಡಿಗೆ ಹೋಗುತ್ತಾರೆ. ವೈಟ್‌ಫೀಲ್ಡಿನವರು ಆಗಾಗ ಫೋನು ಮಾಡಿ ವ್ಯಾಗನ್ನುಗಳ ಬಗ್ಗೆ ಕೇಳುತ್ತಾರೆ. ಡಾಕ್ಟರ ಆ ಕೈಯಿಂದ ಹಿಡಿದು ಎಷ್ಟೊಂದು ಕೈಗಳು ನಮ್ಮನ್ನು ಎತ್ತಿದವು ಎಂದು ನೆನೆದರೆ ಮನಸ್ಸು ತುಂಬುತ್ತದೆ.

ಈಗ ಮೇಜಿನ ಮೇಲಿರುವುದು ಪ್ಯಾಸೆಂಜರ್ ಬೋಗಿ. ಗೂಡ್ಸ್ ಸಾಕು, ಜನ ಕೂರುವಂಥದ್ದು ಮಾಡೋಣ ಎಂದು ಹಟ ಹಿಡಿದವಳು ನಾನು. ಆದರೆ ಕಿಟಕಿಗೆ ಎಷ್ಟು ಕಂಬಿ ಎಂಬಲ್ಲಿ ಇಬ್ಬರಿಗೂ ಜಗಳ ಬಂತು. ಇತ್ಯರ್ಥಕ್ಕೆಂದು ಕಳೆದ ವಾರ ಚಿಕ್ಕಬಾಣಾವರಕ್ಕೆ ಹೋಗಿ ತುಮಕೂರಿನ ರೈಲು ಹತ್ತಿದೆವು. ಕಿಟಕಿಯ ಪಕ್ಕ ಕೂತಿದ್ದ ಹೂವಿನ ಬುಟ್ಟಿಯ ಹೆಂಗಸಿಗೆ ವಿಷಯ ಹೇಳಿದೆ. ಆಕೆ ಬುಟ್ಟಿ ಎತ್ತಿಕೊಂಡು ಎದ್ದು, "ಬನ್ನಿ ಯಜಮಾನ್ರೇ, ಎಣಿಸ್ಕಳಿ" ಎಂದು ಜಾಗ ಬಿಟ್ಟುಕೊಟ್ಟಳು. ಅವರು ಕೂತು, ಒಂದೊಂದೇ ಕಂಬಿ ಮುಟ್ಟುತ್ತಾ ಎಣಿಸತೊಡಗಿದರು. ಅವರು ಹೇಳಿದಷ್ಟೇ ಇದ್ದವು, ನಾನು ಸೋತಿದ್ದೆ. ರೈಲು ಹೊರಟಿತು. ಅವರು ಕಂಬಿ ಬಿಡದೆ, ಗಾಳಿಗೆ ಮುಖ ಕೊಟ್ಟುಕೊಂಡು ತುಮಕೂರಿನವರೆಗೂ ಹಾಗೇ ಕೂತಿದ್ದರು.