ನಲವತ್ತೊಂದು ಪಬ್ಬುಗಳ ಹೊರಗೆ ನಿಂತ ಗುರುಸಿದ್ದಪ್ಪ

ಬೆಳಗಿನ ಆರೂಕಾಲು. ಡರ್ಬಿಶೈರ್‌ನ ಒಂದು ಹಳ್ಳಿಯ ಪಬ್ಬಿನ ಕಿಟಕಿಗೆ ಗುರುಸಿದ್ದಪ್ಪನವರು ಮೂಗು ಹಚ್ಚಿಕೊಂಡು ನಿಂತಿದ್ದಾರೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈ ಕಣ್ಣಿಗೆ ಮರೆ. ಹಾಲಿನ ಗಾಡಿಯವನು ಇವರನ್ನು ಕಂಡು ಗಾಡಿ ನಿಧಾನ ಮಾಡುತ್ತಾನೆ, ದುರುಗುಟ್ಟಿ ನೋಡುತ್ತಾನೆ, ಹೋಗುತ್ತಾನೆ. ಹಳದಿ ಜಾಕೆಟ್ ತೊಟ್ಟು ಹಣೆಗೆ ವಿಭೂತಿ ಹಚ್ಚಿದ ಐವತ್ತೆಂಟರ ಮನುಷ್ಯ ಈ ಹೊತ್ತಿನಲ್ಲಿ ಪಬ್ಬಿನೊಳಗೆ ಇಣುಕುತ್ತಿದ್ದರೆ ಅನುಮಾನ ಬರದೇ ಇರುತ್ತದೆಯೇ?

"ಒಳಗ ಬೋರ್ಡಿನ ಮ್ಯಾಲ ಏನರ ನೋಟಿಸ್ ಹಚ್ಚ್ಯಾರೇನು ಅಂತ ನೋಡಾಕತ್ತೇನ್ರಿ," ಎನ್ನುತ್ತಾರೆ, ನಾನು ಕೇಳುವ ಮೊದಲೇ. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಳ್ಳುತ್ತಾರೆ. ನೋಟಿಸ್ ಕಾಣಲಿಲ್ಲ, ಬಾಗಿಲು ತೆಗೆಯುವುದು ಹನ್ನೆರಡಕ್ಕೆ, ಮತ್ತೆ ಬಂದು ಒಳಗೆ ಕೇಳಬೇಕು. 'ಒಳಗೆ' ಎಂಬ ಪದಕ್ಕೆ ಎರಡು ಗೆರೆ ಎಳೆಯುತ್ತಾರೆ.

ಇದು ಅವರ ಕೆಲಸ. ಹಡರ್ಸ್‌ಫೀಲ್ಡ್ ಹತ್ತಿರದ ಒಂದು ಚಿಕ್ಕ ಕಂಪನಿ ಜನರಿಗೆ ಸೈಕಲ್ ಪ್ರವಾಸ ಏರ್ಪಡಿಸುತ್ತದೆ. ಬ್ಯಾಗು ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗುತ್ತದೆ, ಪ್ರವಾಸಿಗಳು ತಮ್ಮ ಪಾಡಿಗೆ ಪೆಡಲ್ ತುಳಿದುಕೊಂಡು ಹೋಗುತ್ತಾರೆ. ಅವರಿಗೆ ದಾರಿ ತೋರಿಸುವುದು ಹ್ಯಾಂಡಲ್ಲಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಲಕೋಟೆಯೊಳಗಿನ ಒಂದು ಹಾಳೆ. ಚರ್ಚ್ ದಾಟಿದ ಮೇಲೆ ಬಲಕ್ಕೆ, ಕಲ್ಲಿನ ಸೇತುವೆಯಾದ ಮೇಲೆ ನೇರಕ್ಕೆ, ಇಂಥ ಪಬ್ಬಿನ ಮುಂದೆ ಎಡಕ್ಕೆ. ಆ ಹಾಳೆ ಬರೆಯುವವರು ಗುರುಸಿದ್ದಪ್ಪ. ಒಟ್ಟು ಒಂಬತ್ತು ದಾರಿ, ಆರುನೂರ ನಲವತ್ತು ಮೈಲಿ. ಪ್ರತಿ ಏಪ್ರಿಲ್‌ನಲ್ಲಿ ಅಷ್ಟನ್ನೂ ತಾವೇ ತುಳಿದು, ಬದಲಾದದ್ದನ್ನು ತಿದ್ದುತ್ತಾರೆ. ಹತ್ತು ವರ್ಷದಿಂದ ಸಾವಿರಾರು ಜನ ಅವರ ಮಾತು ನಂಬಿ ತಿರುಗಿದ್ದಾರೆ, ಆದರೆ ಹಾಳೆಯ ಮೇಲೆ ಅವರ ಹೆಸರಿಲ್ಲ.

ನಾನು ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಹೆಡಿಂಗ್ಲೀಯಿಂದ ಗಂಡನ ಕಾರು ಕಸಿದುಕೊಂಡು ಬಂದವಳು. ಏರಿನಲ್ಲಿ ಸೈಕಲ್ ತುಳಿಯುವ ಮಾತೆತ್ತಿದರೆ ನನಗೆ ಮೊಣಕಾಲು ನೋಯುತ್ತದೆ. ಹಾಗಾಗಿ ಅವರ ಹಿಂದೆ ಕಾರಿನಲ್ಲಿ ತೆವಳುತ್ತೇನೆ, ಅವರು ಮುಂದೆ ಒಂದೇ ಹದದಲ್ಲಿ ತುಳಿಯುತ್ತಾರೆ. ನನ್ನದು ಮೈಸೂರು ಎಂದು ಗೊತ್ತಾದ ಮೇಲೆ ಮೊದಮೊದಲು ಬೆಂಗಳೂರಿನ ಕನ್ನಡ ಆಡಲು ಹೋದರು. ಹತ್ತು ನಿಮಿಷಕ್ಕೆ ದಣಿದು ತಮ್ಮ ಕನ್ನಡಕ್ಕೆ ಮರಳಿದರು, ಸದ್ಯ.

ಬಯಲು ಬಂದಾಗ ನಿಂತು ದಾರಿಯ ಗುಟ್ಟು ಹೇಳಿಕೊಡುತ್ತಾರೆ. "ನಕ್ಷೆ ಬ್ಯಾಡ್ರಿ, ಗ್ವಾಡಿ ನೋಡ್ರಿ. ಗ್ವಾಡಿ ಕಲ್ಲು ಕರ್ರಗಿದ್ರ ಇನ್ನೂ ಯಾರ್ಕ್‌ಶೈರ್ ಕಡೆ ಅದೀವಿ. ಬೆಳ್ಳಗಾತಂದ್ರ ಡರ್ಬಿಶೈರಿನ ಸುಣ್ಣಕಲ್ಲು. ಗ್ವಾಡಿನ ಹೋಗಿ ಬೇಲಿ ಬಂತಂದ್ರ ಚೆಶೈರ್, ಅಲ್ಲಿಂದ ಏರಿಲ್ಲ, ಕಾಲಿಗೆ ಆರಾಮ." ಎಡಗಡೆ ಬೋಳು ಗುಡ್ಡ, ಕೆಳಗೆ ಹಸಿರು ಕಣಿವೆ, ಕುರಿಗಳು. ಇಂಗ್ಲೆಂಡಿಗೆ ಬಂದು ಏಳು ವರ್ಷವಾದ ನಾನು ಕಂಡಿರುವುದು ಆಫೀಸು, ಸೂಪರ್‌ಮಾರ್ಕೆಟ್ಟು ಮತ್ತು ಮೋಟರ್‌ವೇ ಮಾತ್ರ ಎಂದು ಆಗ ನಾಚಿಕೆಯಾಗುತ್ತದೆ.

ಗುರುಸಿದ್ದಪ್ಪ ಅಣ್ಣಿಗೇರಿ ಕಡೆಯವರು. ಎಪ್ಪತ್ತನಾಲ್ಕರಲ್ಲಿ ಹಡರ್ಸ್‌ಫೀಲ್ಡಿಗೆ ಬಂದು, ಗಿರಣಿ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ತೊಂಬತ್ತೇಳರಲ್ಲಿ ಕಾರ್ಖಾನೆ ಮುಚ್ಚಿತು. ನಲವತ್ತೇಳರ ವಯಸ್ಸಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ಮನೆಯಲ್ಲಿ ಕೂತು ಗೋಡೆ ನೋಡಲಾಗದೆ ಸೈಕಲ್ ಹತ್ತಿದರು. ಹೋದ ದಾರಿಯನ್ನೆಲ್ಲ ಹಳೆಯ ರೂಢಿಯಂತೆ ಅಚ್ಚುಕಟ್ಟಾಗಿ ಬರೆದಿಟ್ಟರು. ಆ ಬರಹ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಕಂಪನಿಯ ಮಾಲೀಕರನ್ನು ಮುಟ್ಟಿತು.

ಅವರ ಒಂಬತ್ತು ಹಾಳೆಗಳಲ್ಲಿ ನಲವತ್ತೊಂದು ತಿರುವುಗಳಿಗೆ ಪಬ್ಬೇ ಗುರುತು. ಈ ನಾಡಿನಲ್ಲಿ ಊರಿಗೊಂದು ಪಬ್ಬು, ಅದಕ್ಕೊಂದು ಚಿತ್ರದ ಫಲಕ. ಮೈಲಿ ಲೆಕ್ಕ ತಪ್ಪಬಹುದು, ಪಬ್ಬಿನ ಫಲಕ ಅರ್ಧ ಫರ್ಲಾಂಗಿನಿಂದಲೇ ಕಾಣುತ್ತದೆ. ಆದರೆ ಅಷ್ಟು ಪಬ್ಬುಗಳಲ್ಲಿ ಒಂದರ ಹೊಸ್ತಿಲನ್ನೂ ಗುರುಸಿದ್ದಪ್ಪ ತುಳಿದಿರಲಿಲ್ಲ. ಬಾಯಾರಿದರೆ ಚರ್ಚಿನ ನಲ್ಲಿ, ಹಸಿದರೆ ಚೀಲದಲ್ಲಿ ಹೆಂಡತಿ ಶುಭಾ ಕಟ್ಟಿಕೊಟ್ಟ ಚಪಾತಿ.

"ನಮ್ಮಪ್ಪ ಕುಡುದ ಕುಡುದ ಸತ್ತ್ರಿ. ನಾ ಇಲ್ಲಿಗೆ ಹೊಂಟಾಗ ನಮ್ಮವ್ವ ಸಿದ್ದವ್ವ ಹುಬ್ಬಳ್ಳಿ ಸ್ಟೇಶನ್ನಿನ್ಯಾಗ ನನ್ನ ಕೈ ತಗೊಂಡು ತನ್ನ ತಲಿಮ್ಯಾಲ ಇಟ್ಕೊಂಡ್ಲು. ಸೆರಿ ಅಂಗಡಿ ಒಳಗ ಕಾಲಿಡೂದಿಲ್ಲ ಅಂತ ಆಣಿ ಮಾಡು ಅಂದ್ಲು. ಮಾಡಿದೆ. ಕುಡಿಯೂದು ದೂರ ಉಳೀತು, ನೀರು ಕೇಳಾಕೂ ಒಳಗ ಹೋಗಲಿಲ್ರಿ, ಮೂವತ್ನಾಕು ವರ್ಷ." ಹೆಮ್ಮೆಯಿಂದ ಹೇಳಬಹುದಾದ ಮಾತು. ಅವರು ತಲೆ ತಗ್ಗಿಸಿ ಹೇಳುತ್ತಾರೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಇದೇ ಡರ್ಬಿಶೈರ್ ದಾರಿಯ ಒಂದು ಹಳ್ಳಿಗೆ ಅವರು ಬಂದಿದ್ದರು. ಹಳ್ಳಿಯ ಹೆಸರು ಬೇಡ. ಕಪ್ಪು ಟಗರಿನ ಚಿತ್ರವಿದ್ದ ಪಬ್ಬು, ಅದರ ಮುಂದೆ ಎಡಕ್ಕೆ ತಿರುಗಬೇಕು. ತಿರುಗದೆ ನೇರ ಹೋದರೆ ಕಡಿದಾದ ಇಳಿಜಾರು, ತುದಿಯಲ್ಲಿ ಮೊಳಕೈ ಮಡಿಸಿದಂಥ ತಿರುವು, ಎದುರಿಗೆ ಕಲ್ಲಿನ ಗೋಡೆ. ಟಗರು ತನ್ನ ಜಾಗದಲ್ಲೇ ಇತ್ತು. ಹೊರಗೆ ನಿಂತು ನೋಡಿ, 'ಸರಿ' ಎಂದು ಬರೆದುಕೊಂಡು ಮುಂದೆ ಹೋದರು.

ಜೂನ್‌ನಲ್ಲಿ ಆ ಪಬ್ಬು ಮುಚ್ಚಿತು. ಫಲಕ ಇಳಿಸಿ, ಗೋಡೆಯ ಅಕ್ಷರದ ಮೇಲೆ ಬಿಳಿ ಬಣ್ಣ ಬಳಿದು, ಮಾರಾಟಕ್ಕಿಟ್ಟರು. ನೋಡಿದವರಿಗೆ ಅದೊಂದು ಮನೆ, ಅಷ್ಟೆ. ಜುಲೈನಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಗಂಡಹೆಂಡತಿ ಬಂದರು. ಗಂಡ ಕೀತ್, ನಿವೃತ್ತ ಮೇಷ್ಟ್ರು. ಹೆಂಡತಿ ಜಿಲ್, ಐವತ್ತೆರಡು ವರ್ಷ. ಮಳೆ ಹನಿಯುತ್ತಿತ್ತು. ಮುಂದಿದ್ದ ಜಿಲ್ ಟಗರನ್ನು ಹುಡುಕುತ್ತ ಹುಡುಕುತ್ತ ನೇರ ಹೋಗಿಬಿಟ್ಟಳು. ಒದ್ದೆ ಚಕ್ರಕ್ಕೆ ಬ್ರೇಕು ಹಿಡಿಯಲಿಲ್ಲ. ಗೋಡೆಗೆ ಬಡಿದವಳು ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ವಿಚಾರಣೆ ನಡೆಯಿತು. ಏಪ್ರಿಲ್‌ನಲ್ಲಿ ಹಾಳೆ ಸರಿಯಿತ್ತು, ಪಬ್ಬು ಆಮೇಲೆ ಮುಚ್ಚಿದೆ, ಇದು ಅಪಘಾತ ಎಂದು ತೀರ್ಮಾನವಾಯಿತು. ಗುರುಸಿದ್ದಪ್ಪನವರ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಕೀತ್ ಅಂತೂ ಪತ್ರ ಬರೆದು, ನೀವು ನಿಮ್ಮ ಕೆಲಸ ಸರಿಯಾಗಿ ಮಾಡಿದ್ದಿರಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಿದ್ದಾರೆ.

ವಿಚಾರಣೆ ಮುಗಿದ ಮೇಲೆ ಗುರುಸಿದ್ದಪ್ಪ ಒಬ್ಬರೇ ಆ ಹಳ್ಳಿಗೆ ಹೋದರು. ಎದುರು ಮನೆಯ ಮುದುಕಿಯೊಬ್ಬಳು ಮಾತಿಗೆ ಸಿಕ್ಕಳು. ಅವಳಿಂದ ತಿಳಿದದ್ದನ್ನು ಅವರೇ ಹೇಳುತ್ತಾರೆ: "ಪಬ್ ಮುಚ್ಚೂದು ಈಸ್ಟರಿಗೇ ಇಡೀ ಊರಿಗೆ ಗೊತ್ತಿತ್ತಂತ್ರಿ. ಒಳಗ ಬೋರ್ಡಿನ ಮ್ಯಾಲ ತಾರೀಖು ಹಾಕಿ ಹಚ್ಚಿದ್ರಂತ, ಕಡೀ ದಿನದ ಊಟಕ್ಕ ಎಲ್ಲಾರೂ ಬರ್ರಿ ಅಂತ. ನಾ ಬಂದಿದ್ದು ಈಸ್ಟರ್ ಆಗಿ ಎರಡು ವಾರಕ್ಕ. ಬಾಗಲಾ ತೆಗದಿತ್ತು, ಮಂದಿ ನಗೂದು ಕೇಳಸ್ತಿತ್ತು. ನಾಕು ಹೆಜ್ಜಿ ಒಳಗ ಹೋಗಿದ್ರ ಕಾಣ್ತಿತ್ರಿ. ನಾ ನಮ್ಮವ್ವನ ಮಾತು ಉಳಿಸಿದೆ. ಆ ಹೆಣ್ಮಗಳು ಉಳೀಲಿಲ್ಲ."

ಇದನ್ನು ಹೇಳುವಾಗ ಅವರು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒರೆಸುತ್ತಿರುತ್ತಾರೆ. 'ನಿಮ್ಮ ತಪ್ಪಲ್ಲ ಬಿಡಿ ಸಾರ್' ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅಷ್ಟು ಅಗ್ಗದ ಮಾತನ್ನು ಅವರ ಮುಖ ನೋಡಿಕೊಂಡು ಆಡಲಾರೆ.

ಈ ವರ್ಷ ಅವರು ಒಂದೊಂದು ಪಬ್ಬಿನ ಒಳಗೂ ಹೋಗುತ್ತಿದ್ದಾರೆ. ಹನ್ನೆರಡರ ಮೇಲೆ ಬಾಗಿಲು ತೆರೆದಾಗ ಹೋಗಿ, ಒಂದು ಲೋಟ ನೀರು ಕೇಳಿ, ಮುಚ್ಚುವ ವಿಚಾರವೇನಾದರೂ ಇದೆಯೇ ಎಂದು ವಿಚಾರಿಸುತ್ತಾರೆ. ಧೂಮಪಾನ ನಿಷೇಧವಾದ ಮೇಲೆ ಗಿರಾಕಿ ಇಲ್ಲ ಎಂಬ ಗೋಳನ್ನು ಕೇಳಿಸಿಕೊಳ್ಳುತ್ತಾರೆ. ನಲವತ್ತೊಂದರಲ್ಲಿ ಆರು ಆಗಲೇ ಮುಚ್ಚಿವೆ, ಇನ್ನು ನಾಲ್ಕು ಮುಚ್ಚಲಿವೆ. ಆಣೆ ಮುರಿದಿರಲ್ಲ ಎಂದರೆ, "ಅವ್ವ ಇದ್ದಿದ್ರ ತಿಳೀತಿದ್ಲೋ ಏನೋ," ಎಂದು ಪುಸ್ತಕವನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಇಷ್ಟು ಮಾಡಿಯೂ ಪ್ರಯೋಜನವಿಲ್ಲ. ಅಕ್ಟೋಬರಿನಿಂದ ಕಂಪನಿ ಹಾಳೆ ಕೊಡುವುದನ್ನೇ ನಿಲ್ಲಿಸಿ, ಉಪಗ್ರಹ ನೋಡಿ ದಾರಿ ಹೇಳುವ ಅಂಗೈಯಗಲದ ಯಂತ್ರ ಕೊಡಲಿದೆ.

ಕೆಲಸ ಹೋಗುವುದು ಅವರನ್ನು ಅಷ್ಟಾಗಿ ಕಾಡುತ್ತಿಲ್ಲ. ಕಾಡುತ್ತಿರುವುದು ಕೀತ್ ಬರೆದ ಎರಡನೆಯ ಪತ್ರ. ಮೇ ತಿಂಗಳ ಮೊದಲ ಶನಿವಾರ ಬರುತ್ತೇನೆ, ಜಿಲ್ ಮುಗಿಸಲಾಗದ ದಾರಿಯನ್ನು ಮುಗಿಸಬೇಕು, ಜೊತೆಗೆ ನೀವೇ ಇರಬೇಕು ಎಂದಿದ್ದಾರೆ. ಬೋರ್ಡಿನ ವಿಷಯ ಕೀತ್‌ಗೆ ಗೊತ್ತಿಲ್ಲ. ಹೇಳಿಯೇಬಿಡಬೇಕೆಂದು ಗುರುಸಿದ್ದಪ್ಪ, ಕೂಡದೆಂದು ಶುಭಾ.

ಹಡರ್ಸ್‌ಫೀಲ್ಡಿನ ಮನೆಯಲ್ಲಿ ನನ್ನ ಮುಂದೆ ಚಹಾ ಇಡುತ್ತ ಶುಭಾ ಗಂಡನ ಮೇಲೆ ಹರಿಹಾಯುತ್ತಾರೆ. "ಹೇಳಿದ್ರ ಇವರಿಗೆ ಎದಿ ಹಗುರ ಆಗ್ತೈತಿ. ಆ ಮನಶಾಗ? ಯಾರದೂ ತಪ್ಪಿಲ್ಲ ಅಂತ ಹೆಂಗೋ ಸಮಾಧಾನ ಮಾಡ್ಕೊಂಡಾನ. ಅದನ್ನೂ ಕಸಗೊಂತಾರಂತ ಇವರು. ನೀವರ ಹೇಳ್ರಿ, ಇದು ನ್ಯಾಯ ಏನು?" ನನ್ನನ್ನು ಕೇಳಿದರೆ ಶುಭಾ ಹೇಳುವುದೇ ಸರಿ. ಹಾಗೆಂದು ಹೇಳಿಯೂ ಹೇಳಿದೆ. ಗುರುಸಿದ್ದಪ್ಪ ನಮ್ಮಿಬ್ಬರನ್ನೂ ನೋಡಿ, "ಅವರು ನನ್ನ ಜೋಡಿ ದಾರಿ ತುಳೀತಾರಂತ. ಸುಳ್ಳು ಇಟ್ಕೊಂಡು ಹೆಂಗ ಮುಂದ ಹೋಗ್ಲಿ?" ಎಂದರು. ಶನಿವಾರ ಕಳೆಯುವ ತನಕ ಏನನ್ನೂ ಅಚ್ಚಿಗೆ ಕೊಡಬೇಡಿ ಎಂದು ಕೇಳಿಕೊಂಡರು, ಕಾದೆ.

ಭಾನುವಾರ ಬೆಳಿಗ್ಗೆ ಫೋನು ಬರುತ್ತದೆ. "ಹೇಳಿದ್ನಿರಿ," ಎನ್ನುತ್ತಾರೆ. ಆ ಹಳ್ಳಿಯಲ್ಲೇ ಇಬ್ಬರೂ ಸೇರಿದ್ದರಂತೆ. ಸೈಕಲ್ ಹತ್ತುವ ಮೊದಲೇ, ಈಸ್ಟರಿನ ನೋಟಿಸು, ತೆರೆದಿದ್ದ ಬಾಗಿಲು, ಹುಬ್ಬಳ್ಳಿಯ ಆಣೆ, ಎಲ್ಲವನ್ನೂ ಹೇಳಿದರಂತೆ.

"ಅವರು ಏನಂದ್ರು ಸಾರ್?"

ಆ ಕಡೆ ಹಿಂದೆ ಎಲ್ಲೋ ಶುಭಾ ಪಾತ್ರೆ ತೊಳೆಯುವ ಸದ್ದು.

"ಹೆಲ್ಮೆಟ್ ತಗದು ಕೈಯಾಗ ಹಿಡಕೊಂಡು ನಿಂತ್ರು. ಆಮ್ಯಾಲ, ಥ್ಯಾಂಕ್ಯೂ ಫಾರ್ ಟೆಲ್ಲಿಂಗ್ ಮಿ ಅಂದ್ರು. ನನ್ನ ಕೈ ಕುಲುಕಿದ್ರು. ಸೈಕಲ್ಲ ತಿರುಗಿ ಕಾರಿನ ಮ್ಯಾಲ ಕಟ್ಟಿ ಹೊಂಟಬಿಟ್ರು. ದಾರಿ ಮುಗಸಲಿಲ್ಲ." ಯಾರಿಂದಲೋ ಏನನ್ನೋ ಬೇಡುವ ದನಿಯಲ್ಲಿ ಹೇಳುತ್ತಾರೆ: "ಬೈದು ಹೋಗಿದ್ರ ಚಲೋ ಇತ್ತ್ರಿ."