ಜಲಜಕ್ಕನ ಬೆಡ್‌ರೂಮಿನಿಂದ ಟೇಕಾಫ್

ಜಗಳ ಮಾಡಲೆಂದೇ ಮೆಟ್ಟಿಲು ಹತ್ತಿದ್ದೆ.

ಸೋಮವಾರ ರಜೆ ಹಾಕಿದ್ದೆ. ಊಟ ಮುಗಿಸಿ ಒಂದು ನಿದ್ದೆ ತೆಗೆಯೋಣ ಎಂದು ದಿಂಬಿಗೆ ತಲೆ ಕೊಟ್ಟಿದ್ದೇ ತಡ, ಮೇಲಿನ ಮನೆಯಲ್ಲಿ ಡ್ರಿಲ್ಲಿಂಗ್ ಶುರು. ಎರಡರಿಂದ ನಾಲ್ಕರವರೆಗೆ ಡ್ರಿಲ್ಲಿಂಗ್ ಬಂದ್ ಎಂದು ಸೊಸೈಟಿಯವರು ಲಿಫ್ಟಿನ ಪಕ್ಕ ಬೋರ್ಡ್ ಹಾಕಿದ್ದಾರೆ. (ಲಿಫ್ಟೇ ಬಂದ್ ಎಂಬ ಬೋರ್ಡ್ ಅದಕ್ಕಿಂತ ದೊಡ್ಡದಿದೆ, ಆ ಮಾತು ಬೇರೆ.) ನಮ್ಮ ಡೊಂಬಿವಲಿಯಲ್ಲಿ ಬೋರ್ಡ್ ಓದುವವರು ಯಾರು?

ಬಾಗಿಲು ತೆರೆದದ್ದು ಜಲಜಕ್ಕ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಹಚ್ಚಿಕೊಂಡರು. "ನೀವಾದ್ರೂ ಸ್ವಲ್ಪ ಹೇಳಿ ಮಾರಾಯ್ರೆ. ಮಗಳು ಹೆರಿಗೆಗೆ ಭಾನುವಾರ ಬರ್ತಾಳೆ. ಇವರು ನೋಡಿದ್ರೆ ಬೆಡ್‌ರೂಮಲ್ಲಿ ವಿಮಾನ ಕಟ್ತಾ ಇದ್ದಾರೆ!"

ವಿಮಾನವೇ? ಒಳಗೆ ಇಣುಕಿದೆ. ಮಂಚ ಮಾಯ. ಗೋಡೆಯಿಂದ ಗೋಡೆಗೆ ಅರ್ಧಚಂದ್ರಾಕಾರದ ಬಿಳಿ ಪರದೆ. ಅದರೆದುರು ಹಳೆಯ ಕಾರಿನ ಸೀಟು, ಸೀಟಿನ ಮುಂದೆ ವಿಮಾನದ ಸ್ಟೇರಿಂಗ್. ಸ್ಲ್ಯಾಬಿಗೆ ತೂಗುಹಾಕಿದ ಎರಡು ಪ್ರೊಜೆಕ್ಟರ್. ಮೂರನೆಯದಕ್ಕೆ ತೂತು ಕೊರೆಯುತ್ತಾ ಸ್ಟೂಲಿನ ಮೇಲೆ ಅವರ ಗಂಡ ಸದಾಶಿವಣ್ಣ, ಮುಖವೆಲ್ಲ ಸಿಮೆಂಟಿನ ಪುಡಿ.

"ಏನ್ರೀ ಇದು?" ಎಂದೆ.

"ಕಾಕ್‌ಪಿಟ್," ಎಂದರು, ಹೊಸ ಕಪಾಟು ಮಾಡಿಸಿದವರ ಹಾಗೆ.

ಉಡುಪಿ ಕಡೆಯ ಸದಾಶಿವಣ್ಣ ನನಗೆ ಗೊತ್ತಿದ್ದುದು ತರಕಾರಿ ಚೀಲ ಹಿಡಿದು ಮೌನವಾಗಿ ಮೆಟ್ಟಿಲು ಹತ್ತುವ ರಿಟೈರ್ಡ್ ಮನುಷ್ಯನಾಗಿ. ಅವರು ಮೂವತ್ತೊಂದು ವರ್ಷ ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿದ್ದವರು, ಊಟದ ಟ್ರಾಲಿಗಳನ್ನು ವಿಮಾನಕ್ಕೆ ಏರಿಸುವುದೇ ಅವರ ಕೆಲಸವಾಗಿತ್ತು ಎಂದು ಗೊತ್ತಾದದ್ದು ಅವತ್ತೇ.

"ದಿನಾ ವಿಮಾನ ಹತ್ತಿದ್ದೇನೆ," ಎಂದರು. "ಟ್ರಾಲಿ ಲಾಕ್ ಮಾಡಿ, ಬಾಗಿಲು ಹಾಕುವ ಮೊದಲು ಇಳೀಬೇಕು. ಕಾಕ್‌ಪಿಟ್ ತೆರೆದಿದ್ರೆ ಇಣುಕ್ತಿದ್ದೆ. ಎಂತ ಕಾಣ್ತದೆ ಹೇಳಿ? ಗೋಡೆ! ವಿಮಾನ ನಿಲ್ಲಿಸುವುದು ಟರ್ಮಿನಲ್ಲಿಗೆ ಮೂತಿ ಕೊಟ್ಟು. ಆ ಗೋಡೆ ಸರಿದ ಮೇಲೆ ಪೈಲಟ್‌ನ ಎದುರು ಎಂತ ಬರ್ತದೆ ಅಂತ ಒಮ್ಮೆ ನೋಡ್ಬೇಕು."

"ಟಿಕೆಟ್ ತೆಗೆದು ಹೋಗಬಹುದಿತ್ತಲ್ಲ?"

"ಹೋಗಿದ್ದೇನೆ, ಎರಡು ಸಲ. ನಡುವಿನ ಸೀಟು. ಕಂಡದ್ದು ಪಕ್ಕದವರ ಭುಜ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಐದು ನಿಮಿಷದಲ್ಲಿ ನಾನು ಸ್ಟೂಲ್ ಹಿಡಿದುಕೊಂಡು ನಿಂತಿದ್ದೆ! ಜಲಜಕ್ಕ ಬಾಗಿಲಲ್ಲೇ ತೀರ್ಪು ಕೊಟ್ಟರು: "ಶನಿವಾರ ಸಂಜೆಯೊಳಗೆ ರೂಮು ಖಾಲಿ. ಇಲ್ಲಾಂದ್ರೆ ಗುಜರಿಗೆ ಹಾಕ್ಲಿಕ್ಕೆ ಭಂಗಾರ್‌ವಾಲಾನನ್ನು ನಾನೇ ಕರೀತೇನೆ."

ಪ್ರೊಜೆಕ್ಟರ್ ಎಂದರೆ ಸ್ವಿಚ್ ಹಾಕಿದರೆ ಸಿನಿಮಾ ಎಂದುಕೊಂಡಿದ್ದೆ. ಮೂರು ಪ್ರೊಜೆಕ್ಟರ್ ಸೇರಿ ಒಂದೇ ಆಕಾಶ ತೋರಿಸಬೇಕಾದರೆ ಏನು ಪಾಡು ಗೊತ್ತೇ? ಬಾಗಿದ ಪರದೆಯ ಮೇಲೆ ನೆಟ್ಟಗಿನ ರನ್‌ವೇ ಬಾಳೆಹಣ್ಣಿನಂತೆ ಬಾಗುತ್ತದೆ. ಎರಡು ಚಿತ್ರಗಳ ಅಂಚು ಒಂದರ ಮೇಲೊಂದು ಬಿದ್ದಲ್ಲಿ ಬೆಳ್ಳನೆಯ ಪಟ್ಟೆ. "ಎರಡು ದೋಸೆ ಅಂಟಿದ್ರೆ ನಡುವೆ ದಪ್ಪ ಆಗ್ತದಲ್ಲ, ಹಾಗೇ. ಎರಡರ ಅಂಚನ್ನೂ ತೆಳು ಮಾಡ್ಬೇಕು," ಎಂದು ಅವರು ವಿಮಾನ ಹಾರಿಸುವ ಆಟ ಹಾಕಿಟ್ಟ ಕಂಪ್ಯೂಟರಿನಲ್ಲಿ ಬೆಳಕನ್ನು ಹದ ಮಾಡಿದರು. ಪರದೆಯ ತುಂಬ ಚೌಕುಳಿ ಗೆರೆಗಳನ್ನು ಬಿಟ್ಟು ಒಂದೊಂದನ್ನೇ ಕೂಡಿಸಿದರು. "ಇನ್ನೊಂದು ಚೂರು ಮೇಲೆ... ಸಾಕು... ಅಯ್ಯೋ, ಜಾಸ್ತಿಯಾಯ್ತು" ಎಂದು ಕೂಗುವುದು ನನ್ನ ಡ್ಯೂಟಿ. ಆಫೀಸಿನಿಂದ ಬಂದು, ಕುಕ್ಕರ್ ಇಟ್ಟು, ಸೀದಾ ಮೇಲಕ್ಕೆ. ಮೂರು ಸಂಜೆ!

ಆ ಪರದೆ ಏನೆಂದುಕೊಂಡಿರಿ? ಯಾರೋ ಪುಢಾರಿ ಭಾವೂ ಒಬ್ಬರ ಹುಟ್ಟುಹಬ್ಬದ ಫ್ಲೆಕ್ಸ್. ಅದನ್ನು ತಿರುಗಿಸಿ ಬಿಳಿ ಪೇಂಟ್ ಹೊಡೆದಿದ್ದಾರೆ. ನಮ್ಮ ಮೋಡಗಳ ಬೆನ್ನಿಗೆ ಕೂಲಿಂಗ್ ಗ್ಲಾಸಿನ ಭಾವೂ ಕೈಮುಗಿದು ನಿಂತಿದ್ದಾರೆ. ಪರದೆ ಬಿಗಿದ ಪೈಪನ್ನು ಗುಂಡಗೆ ಬಗ್ಗಿಸಿಕೊಟ್ಟದ್ದು ರಬಾಳೆಯ ವರ್ಕ್‌ಶಾಪು.

ಗುರುವಾರ ಗೆರೆಗಳೆಲ್ಲ ಕೂಡಿದವು. ನಾನು ಚಪ್ಪಾಳೆ ತಟ್ಟಬೇಕು ಎನ್ನುವಷ್ಟರಲ್ಲಿ ಕೆಳಗೆ ಫಾಸ್ಟ್ ಲೋಕಲ್ ರೈಲು ಹಾದುಹೋಯಿತು. ನಮ್ಮ ಬಿಲ್ಡಿಂಗ್ ಹಳಿಯ ಮಗ್ಗುಲಲ್ಲೇ ಇರುವುದು. ಗಾಡಿ ಬಂದರೆ ಲೋಟದ ನೀರು ನಡುಗುತ್ತದೆ, ನಮಗದು ಗಮನಕ್ಕೂ ಬರುವುದಿಲ್ಲ. ಪ್ರೊಜೆಕ್ಟರುಗಳಿಗೆ ಬಂತು! ಮೂರೂ ಮೂರು ತರಹ ನಡುಗಿ, ರನ್‌ವೇ ಮೂರು ತುಂಡಾಯಿತು. ಮತ್ತೆ ಕೂಡಿಸಿದರು. ಮತ್ತೊಂದು ಲೋಕಲ್. ಮತ್ತೆ ತುಂಡು.

ಸದಾಶಿವಣ್ಣ ಕಾರಿನ ಸೀಟಿನಲ್ಲಿ ಕುಸಿದು ಕೂತರು. ನನಗಂತೂ ಅಳುವೇ ಬಂದಿತ್ತು.

ಆಮೇಲೆ ಆ ಮನುಷ್ಯ ನಿಧಾನವಾಗಿ ಹೇಳಿದ್ದು ಕೇಳಿ. "ನಮ್ಮ ಟ್ರಕ್ ಎಷ್ಟು ಅಲುಗಾಡಿದ್ರೂ ಊಟ ಚೆಲ್ತಿರಲಿಲ್ಲ. ಯಾಕೆ? ಟ್ರಾಲಿ ಎಲ್ಲ ಟ್ರಕ್ಕಿಗೇ ಲಾಕ್. ಒಟ್ಟಿಗೆ ಅಲುಗಾಡ್ತಿದ್ವು. ನಾನು ಇವನ್ನೆಲ್ಲ ಬೇರೆ ಬೇರೆ ಕಟ್ಟಿ ತಪ್ಪು ಮಾಡಿದೆ."

ಶುಕ್ರವಾರ ಬೆಳಿಗ್ಗೆ ಭಿವಂಡಿಯ ಗೋದಾಮಿನಿಂದ ಹಳೆಯ ರ‍್ಯಾಕಿನ ಕಬ್ಬಿಣದ ಪಟ್ಟಿಗಳು ಟೆಂಪೋದಲ್ಲಿ ಬಂದಿಳಿದವು. ನಾನು ಮತ್ತೆ ರಜೆ ಹಾಕಿದೆ. (ಮ್ಯಾನೇಜರರೇ, ಓದುತ್ತಿದ್ದರೆ ಕ್ಷಮಿಸಿ, ಜ್ವರ ಇರಲಿಲ್ಲ.) ಪರದೆ, ಪ್ರೊಜೆಕ್ಟರ್, ಸೀಟು, ನಾವು ಕೂರುವ ಎರಡು ಸ್ಟೂಲು, ಎಲ್ಲವನ್ನೂ ಒಂದೇ ಚೌಕಟ್ಟಿಗೆ ನಟ್ಟುಬೋಲ್ಟ್ ಹಾಕಿ ಬಿಗಿದರು. ಮಧ್ಯಾಹ್ನ ನಾಲ್ಕಕ್ಕೆ ಕಿಟಕಿಗೆ ದಪ್ಪ ಚಾದರ ಬಿಗಿದು ಸ್ವಿಚ್ ಹಾಕಿದರು.

ಎದುರಿಗೆ ಟರ್ಮಿನಲ್ಲಿನ ಗೋಡೆ. ಎಡಗಿವಿಯಿಂದ ಬಲಗಿವಿಯವರೆಗೂ ಅದೇ ಗೋಡೆ. ಲೋಕಲ್ ಬಂತು, ಹೋಯಿತು. ನಾವೆಲ್ಲ ನಡುಗಿದೆವು. ಗೋಡೆಯಲ್ಲಿ ಒಂದು ಬಿರುಕೂ ಬೀಳಲಿಲ್ಲ.

"ಜಲಜಾ, ಬಾಗಿಲು ಹಾಕು," ಎಂದರು ಸದಾಶಿವಣ್ಣ. ಆಗಲೇ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದಿದ್ದರು. ಸೌಟು ಹಿಡಿದು ನೋಡುತ್ತಿದ್ದ ಜಲಜಕ್ಕ ಒಳಗೆ ಬಂದು, ಬಾಗಿಲು ಹಾಕಿ, ಇನ್ನೊಂದು ಸ್ಟೂಲಿನಲ್ಲಿ ಕೂತರು.

ಗೋಡೆ ಹಿಂದಕ್ಕೆ ಸರಿಯತೊಡಗಿತು. ಸರಿದು, ಸರಿದು, ಪಕ್ಕಕ್ಕೆ ಹೋಗಿಬಿಟ್ಟಿತು. ಆಮೇಲೆ ಬಯಲು. ಉದ್ದಾನುದ್ದ ರನ್‌ವೇ, ಒಂದೇ ತುಂಡು. ನೆಲ ಕೆಳಗೆ ಜಾರಿದಾಗ ನಾನು ಜಲಜಕ್ಕನ ಕೈ ಹಿಡಿದುಕೊಂಡೆ, ಸುಳ್ಳೇಕೆ ಹೇಳಲಿ. ಎದುರಿಗೆ ಸಮುದ್ರ, ಮೇಲೆ ಆಕಾಶ, ಎರಡೂ ಇಷ್ಟು ದೊಡ್ಡವೆಂದು ನನಗೆ ಗೊತ್ತೇ ಇರಲಿಲ್ಲ. ಹತ್ತಡಿ ಹನ್ನೊಂದಡಿಯ ರೂಮಿನಲ್ಲಿ!

ಥಾಣೆಯ ಖಾಡಿಯ ಹಿನ್ನೀರಿನ ಮೇಲೆ ಬಂದಾಗ ಜಲಜಕ್ಕ ಕೇಳಿದರು: "ನಮ್ಮ ಬಿಲ್ಡಿಂಗ್ ಎಲ್ಲಿ?" ಸದಾಶಿವಣ್ಣ ಎದುರಿಗೇ ನೋಡುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅರ್ಧ ಗಂಟೆ ಹಾರಿಸಿ ಧಡಾರನೆ ಇಳಿಸಿದರು. "ರಿಕ್ಷಾದವನೂ ಹೀಗೆ ಎತ್ತಿ ಹಾಕುವುದಿಲ್ಲ," ಎಂದರು ಜಲಜಕ್ಕ, ಮೂಗು ಒರೆಸಿಕೊಳ್ಳುತ್ತಾ.

ಶನಿವಾರ ಬೆಳಿಗ್ಗೆ ಹೋದರೆ ಸದಾಶಿವಣ್ಣ ಆಗಲೇ ಬೋಲ್ಟ್ ಬಿಚ್ಚುತ್ತಿದ್ದಾರೆ. "ಹಾಲ್‌ನಲ್ಲಿ ಇಡಿ, ಇಲ್ಲ ನಮ್ಮ ಮನೆಯಲ್ಲಿ ಇಡಿ," ಎಂದೆ. (ನಮ್ಮ ಮನೆಯಲ್ಲಿ ಡೈನಿಂಗ್ ಟೇಬಲ್ಲಿಗೇ ಜಾಗವಿಲ್ಲ.) ಜಲಜಕ್ಕನೂ ಮೆತ್ತಗೆ "ಸಂಜೆ ತನಕ ಟೈಮ್ ಕೊಟ್ಟಿದ್ದೆನಲ್ಲ," ಎಂದು ಗೊಣಗಿದರು.

"ಎದುರು ಎಂತ ಉಂಟು ಅಂತ ನೋಡ್ಬೇಕಿತ್ತು. ನೋಡಿದೆ. ಸಾಕು," ಎಂದು ನಕ್ಕ ಸದಾಶಿವಣ್ಣ ಮುಂದಿನ ಬೋಲ್ಟಿಗೆ ಕೈ ಹಾಕಿದರು.

ಹೇಳಿ, ಮೂವತ್ತೊಂದು ವರ್ಷ ಕಾದದ್ದನ್ನು ಅರ್ಧ ಗಂಟೆ ನೋಡಿ, ಹಾಗೆ ನಗುತ್ತಾ ‘ಸಾಕು’ ಎನ್ನಲು ನಮ್ಮಲ್ಲಿ ಎಷ್ಟು ಜನರಿಗೆ ಬಾಯಿ ಬರುತ್ತದೆ?